ಚಾಪೆ ಸುತ್ತಿನಲ್ಲಿ ಪೋರಕ್ಕ

ಆ ಮಕ್ಕಳ ರಂಗಮಂದಿರದಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳ ಹಂಚುವ ಗುಮಾಸ್ತರೊಬ್ಬರಿಗೇ. ಅವರೂ ಎದುರು ಸಿಕ್ಕರೆ ಪೋರಕ್ಕ ಎಂದೇ ಕರೆಯುತ್ತಿದ್ದರು. ವರ್ಷಗಟ್ಟಲೆ ಹುಡುಗನ ಪಾತ್ರ ಮಾಡಿ ಮಾಡಿ ‘ಪೋರ’ ಎನಿಸಿಕೊಂಡಿದ್ದಳು. ತಂಡದಲ್ಲಿ ಎಲ್ಲರಿಗಿಂತ ದೊಡ್ಡವಳಾದ್ದರಿಂದ ‘ಅಕ್ಕ’ ತಾನಾಗಿಯೇ ಬಂದು ಅಂಟಿಕೊಂಡಿತ್ತು. ಒಬ್ಬಳೇ ಹೆಂಗಸು ಪೋರನೂ ಅಕ್ಕನೂ ಹೇಗಾದಾಳು ಎಂದು ಯಾರೂ ಕೇಳಿರಲಿಲ್ಲ. ಅವಳಂತೂ ಆ ಪ್ರಶ್ನೆಯ ತಂಟೆಗೇ ಹೋಗಿರಲಿಲ್ಲ.

ಎತ್ತರ ಬೆಳೆಯಬೇಕಾದ ವಯಸ್ಸಿನಲ್ಲಿ ಅವಳು ಬೆಳೆಯಲು ಒಪ್ಪಲಿಲ್ಲ, ಮನಸ್ಸು ಬದಲಾಯಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಸಣ್ಣ ಭುಜ, ಕತ್ತರಿಸಿದ ಕೂದಲು, ಮಾತಿನ ಕೊನೆಗೆ ಸ್ವಲ್ಪ ಒಡೆಯುವ ದನಿ. ಇಷ್ಟಕ್ಕೇ ಇನ್ನೊಬ್ಬಳಾಗಿದ್ದರೆ ಕನ್ನಡಿ ಮುಂದೆ ಕೂತು ಅಳುತ್ತಿದ್ದಳು. ಪೋರಕ್ಕ ಅದನ್ನೇ ಬಂಡವಾಳ ಮಾಡಿಕೊಂಡಳು. ಚಡ್ಡಿಯ ಜೇಬಿಗೆ ಕಲ್ಲು ತುಂಬಿಕೊಂಡು, ಅದು ಒಂದು ಕಡೆ ಜಗ್ಗುವ ಹಾಗೆ ನಡೆದು ಬಂದರೆ ಹುಡುಗರು ಅವಳನ್ನು ತಮ್ಮವನೇ ಎಂದುಕೊಳ್ಳುತ್ತಿದ್ದರು. ಸುರಿಯದ ಸಿಂಬಳವನ್ನು ತೋಳಿನಿಂದ ಒರೆಸಿಕೊಂಡರೆ ಮುಂದಿನ ಸಾಲಿನ ತಾಯಂದಿರು ಕರವಸ್ತ್ರ ಹುಡುಕುತ್ತಿದ್ದರು. ಐವತ್ತಕ್ಕೆ ಇನ್ನೂ ಎರಡು ವರ್ಷ ಬಾಕಿ ಇದೆ ಎಂದು ಅವಳು ಹೇಳಲು ಶುರುಮಾಡಿ ಬಹಳ ವರ್ಷಗಳಾಗಿದ್ದವು.

ಅವಳಿಗೊಬ್ಬ ಮಗ, ಈಗ ಲಿಫ್ಟ್ ರಿಪೇರಿ ಕೆಲಸದಲ್ಲಿದ್ದಾನೆ, ಬಾಗಿಲಿಗೆ ತಲೆ ತಗಲುವಷ್ಟು ಉದ್ದ. ಅವನು ಚಿಕ್ಕವನಿದ್ದಾಗ ಅವನ ಶಾಲೆಯಲ್ಲೇ ನಾಟಕವಿತ್ತು. ಆಟ ಮುಗಿದ ಮೇಲೆ ಗೆಳೆಯರು, ನಿನ್ನ ಹತ್ತಿರ ಬಂದು ತಲೆ ಸವರಿ ಹೋದನಲ್ಲ, ಆ ಹುಡುಗ ಯಾರು ಎಂದು ಕೇಳಿದರಂತೆ. ಅಮ್ಮ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ನನ್ನ ತಮ್ಮ ಎಂದುಬಿಟ್ಟ. ಸಂಜೆ ಅಳುತ್ತಾ ತಪ್ಪೊಪ್ಪಿಕೊಂಡಾಗ ಪೋರಕ್ಕ ಬೈಯಲಿಲ್ಲ. ಅಣ್ಣ ಅನ್ನದೆ ತಮ್ಮ ಅಂದನಲ್ಲ ಎಂದು ಉಬ್ಬಿಹೋಗಿ ಎರಡು ದಿನ ಎಲ್ಲರಿಗೂ ಹೇಳಿಕೊಂಡು ಓಡಾಡಿದಳು.

ಗಂಡನದು ಕನ್ನಡಕದ ಅಂಗಡಿ. ಬೀದಿಯಲ್ಲಿ ಹೋಗುವವರು ಬಸ್ಸಿನ ಬೋರ್ಡು ಓದಲು ಕಣ್ಣು ಕಿರಿದು ಮಾಡಿದರೆ ಸಾಕು, ನಂಬರು ಹೇಳುವಂಥ ಮನುಷ್ಯ. ಹೆಂಡತಿ ಸಂಭಾಷಣೆಯ ಹಾಳೆಯನ್ನು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ದೂರ ಹಿಡಿಯುವುದನ್ನು ಅವನು ನೋಡದೆ ಇರುತ್ತಾನೆಯೇ? ಆದರೆ ಬಾಯಿಬಿಡಲಿಲ್ಲ. ಒಂದು ದಿನ ಸುಮ್ಮನೆ ಒಂದು ಕನ್ನಡಕ ಮಾಡಿ ಅವಳ ಚೀಲದಲ್ಲಿ ಇಟ್ಟ. ಅವಳೂ ಸುಮ್ಮನೆ ಅದನ್ನು ಚೀಲದ ತಳಕ್ಕೆ ದೂಡಿದಳು. ಅಂದಿನಿಂದ ರಾತ್ರಿ ಊಟವಾದ ಮೇಲೆ ಅವನು ಗಟ್ಟಿಯಾಗಿ ಓದುವುದು, ಅವಳು ಕೇಳಿ ಬಾಯಿಪಾಠ ಮಾಡುವುದು ಎಂದಾಯಿತು. ಹೀಗೆ ಕೇಳಿದರೆ ಮಾತು ಮನಸ್ಸಿಗೆ ಹತ್ತುತ್ತದೆ ಎನ್ನುವುದು ಅವಳ ವಾದ. ಅವನು ಹೌದು ಹೌದು ಎನ್ನುತ್ತಿದ್ದ.

ಮನೆ ಮೂರನೇ ಮಹಡಿಯಲ್ಲಿತ್ತು. ಸಂಜೆ ಅಂಗಡಿ ಮುಚ್ಚಿ ಅವನು ರಂಗಮಂದಿರದ ಹತ್ತಿರ ಬಂದು ನಿಲ್ಲುತ್ತಿದ್ದ, ಇಬ್ಬರೂ ಒಟ್ಟಿಗೆ ಮನೆಗೆ ನಡೆಯುತ್ತಿದ್ದರು. ಮೆಟ್ಟಿಲು ಹತ್ತುವಾಗ ಎರಡನೇ ತಿರುವು ಬರುತ್ತಲೇ ಪೋರಕ್ಕ ಪ್ರತಿದಿನ, “ನಿಮಗೆ ಉಬ್ಬಸ ಬರ್ತಿದೆ ಕಣ್ರೀ, ಒಂದು ನಿಮಿಷ ನಿಲ್ಲೋಣ,” ಎನ್ನುತ್ತಿದ್ದಳು. ಅವನು ಕಂಬಿ ಹಿಡಿದು ನಿಂತು ಏದುಸಿರು ಬಿಡುತ್ತಿದ್ದ. ವಯಸ್ಸಾಗ್ತಾ ಬಂತು ನಿಮಗೆ ಎಂದು ಅವಳು ಕನಿಕರದಿಂದ ತಲೆ ಅಲ್ಲಾಡಿಸುತ್ತಿದ್ದಳು.

ಮನೆಯಲ್ಲಿ ಅತ್ತೆ ಇದ್ದರು. ಎಂಬತ್ತು ದಾಟಿದ ಜೀವ. ಆದರೆ ನೆಟ್ಟ ಗೂಟದಂತೆ ನೇರ, ಕೋಲು ಕೊಡಲು ಹೋದವರಿಗೆ ಅದರಿಂದಲೇ ಬಿದ್ದೀತು ಎನ್ನುವಂಥ ಮುಖ. ಅವರಿಗೆ ಒಂದೇ ಒಂದು ಚಟ. ಕುರ್ಚಿಯಿಂದ ಎದ್ದರೆ ಮೇಜಿನ ಮೇಲೆ ಕೈಯಾಡಿಸಿ, “ಎಷ್ಟು ಧೂಳು,” ಎನ್ನುವರು. ಅಲ್ಲಿಂದ ಬೀರುವಿನ ಮೇಲೆ ಕೈ, ಎಷ್ಟು ಧೂಳು. ಬಾಗಿಲ ಚೌಕಟ್ಟು, ಕಿಟಕಿ ಹಲಗೆ, ಬಚ್ಚಲಿನ ತನಕ ದಾರಿಯುದ್ದಕ್ಕೂ ಧೂಳು. ಪೋರಕ್ಕನಿಗೆ ಇದು ತನ್ನ ಮನೆವಾರ್ತೆಯ ಮೇಲೆ ಹೊರಿಸಿದ ಆರೋಪವಾಗಿ ಕಾಣುತ್ತಿತ್ತು. ಹಟಕ್ಕೆ ಬಿದ್ದು ಬೆಳಿಗ್ಗೆ ಒರೆಸಿ, ಸಂಜೆ ಒರೆಸಿ, ಮುಖ ಕಾಣುವಂತೆ ಉಜ್ಜಿಟ್ಟರೂ ಅತ್ತೆಯ ಕೈಗೆ ಧೂಳು ಸಿಗುತ್ತಲೇ ಇತ್ತು. ಈ ವಿಷಯದಲ್ಲಿ ಅತ್ತೆಗೂ ಸೊಸೆಗೂ ಮಾತು ನಿಂತುಹೋದ ದಿನಗಳೂ ಉಂಟು.

ಇನ್ನು ರಂಗಮಂದಿರದ ವಿಷಯ. ಹಿಂದೆ ಅದು ಮರದ ಗೋದಾಮಾಗಿತ್ತು, ಸೆಕೆಗಾಲದಲ್ಲಿ ಗೋಡೆಗಳು ಈಗಲೂ ಹಲಗೆಯ ವಾಸನೆ ಬಿಡುತ್ತಿದ್ದವು. ಅಲ್ಲಿ ನಟರಿಗೆ ಸಂಬಳವಿತ್ತು. ಆದರೆ ವರ್ಷಕ್ಕೊಮ್ಮೆ ಬಾಗಿಲು ಹಾಕಿ ಎಲ್ಲ ಪಾತ್ರಗಳನ್ನೂ ಖಾಲಿ ಎಂದು ಸಾರಿ, ಹೊಸ ನಾಟಕಕ್ಕೆ ಹೊಸದಾಗಿ ಆಡಿಷನ್ ಮಾಡುತ್ತಿದ್ದರು. ಹಳಬರು, ಹೊಸಬರು ಎಂಬ ಭೇದವಿಲ್ಲ. ಎದೆಗೆ ನಂಬರು ಚುಚ್ಚಿಕೊಂಡು ಸಾಲಿನಲ್ಲಿ ನಿಲ್ಲಬೇಕು. ಪಾತ್ರ ಸಿಗದಿದ್ದರೆ ಆ ವರ್ಷ ಮನೆ.

ಮೊದಲ ಸುತ್ತು ನಿರ್ದೇಶಕರ ಮುಂದೆ. ಅದನ್ನು ದಾಟಿದವರಿಗೆ ಚಾಪೆ ಸುತ್ತು. ಹತ್ತಿರದ ಶಾಲೆಯ ಚಿಕ್ಕ ತರಗತಿಯವರನ್ನು ಕರೆಸಿ, ವೇದಿಕೆಯ ಮುಂದೆ ಹೊಸ ಹುಲ್ಲುಚಾಪೆಗಳ ಮೇಲೆ ಕೂರಿಸುತ್ತಿದ್ದರು. ಚಪ್ಪಾಳೆ ತಟ್ಟಬಾರದು, ಮರ್ಯಾದೆಗೆಂದು ನಗಬಾರದು ಎಂದು ಮೊದಲೇ ಹೇಳಿಡುತ್ತಿದ್ದರು. ನಿರ್ದೇಶಕರು ವೇದಿಕೆಗೆ ಬೆನ್ನು ಹಾಕಿ ಮಕ್ಕಳ ಕೈ ನೋಡುತ್ತಾ ಕೂರುವರು. ಬೇಸರ ಬಂದ ಮಗುವಿನ ಬೆರಳು ತನಗರಿವಿಲ್ಲದೆ ಚಾಪೆಯ ಅಂಚಿಗೆ ಹೋಗುತ್ತದೆ, ಒಂದು ಕಡ್ಡಿ ಕೀಳುತ್ತದೆ. ಆಮೇಲೆ ಇನ್ನೊಂದು. ಆಟ ಮುಗಿದ ಮೇಲೆ ಗುಡಿಸುವಾಕೆ ಮೂಲೆಗೆ ಗುಡ್ಡೆ ಹಾಕಿದ ಕಡ್ಡಿ ನೋಡಿದರೆ ಫಲಿತಾಂಶ ಗೊತ್ತಾಗುತ್ತಿತ್ತು. ಕಂಚಿನ ಕಂಠದ ನಟನೊಬ್ಬ ಬಂದು ಅಮೋಘವಾಗಿ ಮಾತಾಡಿ ಒಂದು ಬುಟ್ಟಿ ಕಡ್ಡಿ ಬಿಟ್ಟು ಹೋದದ್ದು ಅಲ್ಲಿ ಇಂದಿಗೂ ದೊಡ್ಡ ಕತೆ.

ಪೋರಕ್ಕನ ಹೆಸರಿಗೆ ಒಂದು ಕಡ್ಡಿಯೂ ಬಿದ್ದಿರಲಿಲ್ಲ. ಹುಡುಗನ ಪಾತ್ರಕ್ಕೆ ಅವಳ ಎದುರು ನಿಲ್ಲುವವರೂ ಇರಲಿಲ್ಲ. ಹಳೆಯ ನಿರ್ದೇಶಕರು ಅವಳ ಸರದಿ ಬಂದರೆ ಎದ್ದು ಹೊರಗೆ ಹೋಗಿ ಗಾಳಿ ಕುಡಿದು ಬರುತ್ತಿದ್ದರು. ಅವಳ ಪಾಲಿಗೆ ಆಡಿಷನ್ ಎಂದರೆ ವರ್ಷಕ್ಕೊಮ್ಮೆ ನಂಬರು ಚುಚ್ಚಿಕೊಳ್ಳುವ ಶಾಸ್ತ್ರ, ಅಷ್ಟೆ.

ಆ ವರ್ಷ ಹಳೆಯ ನಿರ್ದೇಶಕರು ನಿವೃತ್ತರಾದರು. ಅವರ ಜಾಗಕ್ಕೆ ಬಂದಾಕೆ ಪೋರಕ್ಕನ ಮಗನಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಸಣ್ಣ ದನಿ, ಕಡಿಮೆ ಮಾತು, ಎಲ್ಲರನ್ನೂ ನೀವು ಎನ್ನುವ ಗುಣ. ಹೊಸ ನಾಟಕ ಒಬ್ಬ ಅಜ್ಜಿ, ಒಬ್ಬ ಮೊಮ್ಮಗನದು. ನಿಂತುಹೋದ ದೊಡ್ಡ ಗೋಡೆ ಗಡಿಯಾರವನ್ನು ಇಬ್ಬರೂ ಹೊತ್ತುಕೊಂಡು ಊರಿನ ಆ ತುದಿಯ ರಿಪೇರಿಯವನ ಹತ್ತಿರ ನಡೆದು ಹೋಗುತ್ತಾರೆ, ದಾರಿಯಲ್ಲಿ ಬೀದಿಗೊಬ್ಬರು ಎದುರಾಗುತ್ತಾರೆ. ಪೋರಕ್ಕ ಮೊಮ್ಮಗನ ಮಾತುಗಳನ್ನು ಗಂಡನಿಂದ ಆಗಲೇ ಓದಿಸಿಕೊಂಡಿದ್ದಳು. ಮೊದಲ ಸುತ್ತು ಮುಗಿದ ಸಂಜೆ ನಿರ್ದೇಶಕಿ ಅವಳನ್ನು ಕರೆದು, ಚಾಪೆ ಸುತ್ತಿಗೆ ಅಜ್ಜಿಯ ಮಾತನ್ನೂ ಓದಿಕೊಂಡು ಬನ್ನಿ ಎಂದರು. ಬೇರೆ ಯಾರಾದರೂ ಹುಡುಗನಿಗೆ ಬಂದಿದ್ದಾರೆಯೇ ಎಂದು ಪೋರಕ್ಕ ಕೇಳಿದಳು. ಒಬ್ಬ ಹುಡುಗಿ ಬಂದಿದ್ದಾಳೆ ಎಂದರು.

ಅಂದು ಮೆಟ್ಟಿಲ ತಿರುವಿನಲ್ಲಿ ಗಂಡ ಪಾಪ ರೂಢಿಯಂತೆ ಏದುಸಿರು ಬಿಡುತ್ತಾ ನಿಂತರೆ ಪೋರಕ್ಕ ಅವನನ್ನು ಗಮನಿಸಲೂ ಇಲ್ಲ. ಹುಡುಗನ ಪಾತ್ರ ಹೋದರೆ ತಾನು ಯಾರು ಎಂಬುದೇ ಅವಳಿಗೆ ತಿಳಿಯದಾಗಿತ್ತು. ಹೆಂಡತಿ, ತಾಯಿ, ಸೊಸೆ ಇವೆಲ್ಲ ಇದ್ದೇ ಇದ್ದವು. ಆದರೆ ಅವೆಲ್ಲ ನಾಟಕವಿಲ್ಲದ ದಿನ ಮಾಡುವ ಕೆಲಸಗಳೆಂದು ಅವಳು ತಿಳಿದಿದ್ದಳು.

ಆದರೂ ಕಸುಬು ಕಸುಬೇ. ಅಜ್ಜಿ ಬೇಕೆಂದರೆ ಅಜ್ಜಿ, ಅದೇನು ಮಹಾ ಎಂದು ಮನೆಯಲ್ಲಿ ತಾಲೀಮು ಶುರುಮಾಡಿದಳು. ಸೊಂಟ ಬಗ್ಗಿಸಿದಳು. ಒಂದು ಕೈ ಬೆನ್ನಿಗೆ, ಒಂದು ಕೈಯಲ್ಲಿ ಛತ್ರಿ. ಗದ್ದ ನಡುಗಿಸಿ, ಹಲ್ಲಿಲ್ಲದ ಬಾಯಿ ಮಾಡಿ, ಗೊಗ್ಗರು ದನಿಯಲ್ಲಿ ಮಾತಾಡುತ್ತಾ ಹಜಾರದಲ್ಲಿ ಅತ್ತಿಂದಿತ್ತ ಸುತ್ತಿದಳು. ಕುರ್ಚಿಯಲ್ಲಿದ್ದ ಅತ್ತೆ ಬಹಳ ಹೊತ್ತು ನೋಡಿದರು.

“ಯಾರಿಗೆ ಹೊಟ್ಟೆನೋವು?” ಎಂದರು.

ಮುದುಕಿಯ ಪಾತ್ರ ಎಂದು ಗಂಡ ವಿವರಿಸಿದ. ಅತ್ತೆ, ನಾನು ಎಂಬತ್ತು ವರ್ಷದಲ್ಲಿ ಇಂಥ ಮುದುಕಿಯನ್ನು ಕಂಡಿಲ್ಲಪ್ಪ ಎಂದು ಎದ್ದು, ಮೇಜಿನ ಮೇಲೆ ಕೈಯಾಡಿಸಿ, ಎಷ್ಟು ಧೂಳು ಎಂದು ಒಳಗೆ ಹೋದರು. ಪೋರಕ್ಕ ಛತ್ರಿಯನ್ನು ಮೂಲೆಗೆ ಎಸೆದಳು.

ಚಾಪೆ ಸುತ್ತಿನ ದಿನ ಬೆಳಿಗ್ಗೆ ಬಣ್ಣದ ಕೋಣೆಯಲ್ಲಿ ಆ ಹುಡುಗಿ ಮೊದಲೇ ಬಂದು ಕೂತಿದ್ದಳು. ಉದ್ದ ಕಾಲು, ದೊಡ್ಡ ಕಣ್ಣು, ಉಗುರು ಕಚ್ಚುವ ಅಭ್ಯಾಸ. ಪೋರಕ್ಕನನ್ನು ನೋಡಿದವಳೇ ಎದ್ದು ನಿಂತು ಕೆಂಪಾದಳು. ಏನಮ್ಮಾ ಎಂದು ಸ್ವಲ್ಪ ಗದರಿಸಿ ಕೇಳಿದ ಮೇಲೆ ನೆಲ ನೋಡುತ್ತಾ ಹೇಳಿದಳು. ಅವಳು ಏಳು ವರ್ಷದವಳಿದ್ದಾಗ ಇದೇ ರಂಗಮಂದಿರಕ್ಕೆ ಬಂದಿದ್ದಳಂತೆ. ಆಟ ಮುಗಿದ ಮೇಲೆ, ದೊಡ್ಡವಳಾದರೆ ಆ ಹುಡುಗನನ್ನೇ ಮದುವೆಯಾಗುತ್ತೇನೆ ಎಂದು ಹಟ ಹಿಡಿದು, ಅವನು ಹೆಂಗಸು ಎಂದು ಅಪ್ಪ ಹೇಳಿದ್ದಕ್ಕೆ ಅಪ್ಪನ ಜೊತೆ ಮಾತು ಬಿಟ್ಟಿದ್ದಳಂತೆ. ಕೊನೆಗೆ ಮದುವೆ ಆಗದಿದ್ದರೆ ಬೇಡ, ಅವನೇ ಆಗಿಬಿಡುತ್ತೇನೆ ಎಂದು ತೀರ್ಮಾನಿಸಿದಳಂತೆ.

ಇಂಥವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ರಾತ್ರಿಯೆಲ್ಲ ಕೂತು ಸಿದ್ಧಮಾಡಿಕೊಂಡು ಬಂದ ಸಿಟ್ಟು ಪೋರಕ್ಕನ ಕೈಯಲ್ಲೇ ಉಳಿಯಿತು. ಅದನ್ನು ಎಲ್ಲಿಡಬೇಕೋ ತಿಳಿಯದೆ, ನಿನ್ನ ನಂಬರು ಸೊಟ್ಟಗಿದೆ ನೋಡು ಎಂದು ಅವಳ ಪಿನ್ನು ಸರಿಮಾಡಿದಳು.

ಹುಡುಗಿಯ ಸರದಿ ಮೊದಲು ಬಂತು. ಪೋರಕ್ಕ ಪರದೆಯ ಸಂದಿನಿಂದ ಮೈಯೆಲ್ಲ ಕಣ್ಣಾಗಿ ನೋಡಿದಳು. ಓಟ ಚೆನ್ನಾಗಿತ್ತು, ದನಿ ಚೆನ್ನಾಗಿತ್ತು. ಆದರೆ ಮೂಗು ಒರೆಸುವಾಗ ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸುತ್ತಿದ್ದಳು. ಚಾಪೆಯ ಮೇಲೆ ಅಲ್ಲೊಂದು ಇಲ್ಲೊಂದು ಕಡ್ಡಿ ಎದ್ದಿತು. ಪೋರಕ್ಕನಿಗೆ ಸಂತೋಷವಾಯಿತು ಎಂದರೆ ಸುಳ್ಳಲ್ಲ, ಸಂತೋಷಪಟ್ಟದ್ದಕ್ಕೆ ನಾಚಿಕೆಯಾಯಿತು ಎಂದರೂ ಸುಳ್ಳಲ್ಲ.

ಆಮೇಲೆ ಪೋರಕ್ಕ. ಜೇಬಿನ ತುಂಬ ಕಲ್ಲು, ಚಪ್ಪಲಿಯ ಪಟ್ಟಿ ಬಿಚ್ಚಿ ನೆಲಕ್ಕೆ ಎಳೆಯುತ್ತಿತ್ತು. ಅವಳು ಬಂದು ಗಡಿಯಾರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತಳು, ರಿಪೇರಿಯವನ ಅಂಗಡಿ ಕಂಡಿತು ಎಂದು ಕೂಗಿದಳು, ಅಲ್ಲಿಂದ ಕೆಳಗೆ ಹಾರಿ, ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಮಕ್ಕಳ ಮೂಗಿನ ಮುಂದೆ ಬಂದು ನಿಂತು, ಅಜ್ಜೀ ಬಾ ಬೇಗ ಎಂದಳು. ಒಂದು ಬೆರಳೂ ಚಾಪೆಯ ಕಡೆ ಹೋಗಲಿಲ್ಲ. ಮುಂದಿನ ಸಾಲಿನ ಒಬ್ಬ ಹಲ್ಲುಬಿದ್ದ ಹುಡುಗ ತಾನೂ ಹಾರಲು ಅರ್ಧ ಎದ್ದಿದ್ದ.

ನಿರ್ದೇಶಕಿ ಮಾತ್ರ ಮಕ್ಕಳನ್ನು ನೋಡುತ್ತಿರಲಿಲ್ಲ. ಕುರ್ಚಿ ತಿರುಗಿಸಿಕೊಂಡು ಪೋರಕ್ಕನನ್ನೇ ನೋಡುತ್ತಿದ್ದರು. ಈಗ ಅಜ್ಜಿ ಎಂದರು.

ಪೋರಕ್ಕ ಸೊಂಟ ಬಗ್ಗಿಸಿದಳು. ಕೈ ಬೆನ್ನಿಗೆ ಹೋಯಿತು, ಗದ್ದ ನಡುಗಿತು, ಗೊಗ್ಗರು ದನಿ ಹೊರಟಿತು. ಮಕ್ಕಳು ಮೊದಲು ನಕ್ಕರು. ಆ ನಗು ಅವಳಿಗೆ ಧೈರ್ಯ ಕೊಟ್ಟಿತು, ಇನ್ನೂ ಸ್ವಲ್ಪ ಬಗ್ಗಿದಳು. ಆಗ ಆ ಹಲ್ಲುಬಿದ್ದ ಹುಡುಗ ಪಕ್ಕದವಳಿಗೆ, ಕಿವುಡರಿಗೂ ಕೇಳಿಸುವಷ್ಟು ಮೆಲ್ಲಗೆ ಹೇಳಿದ:

“ಈ ಹುಡುಗ ಅವರಜ್ಜಿನ ಅಣಕಿಸ್ತಿದಾನೆ.”

ಅಲ್ಲಿಗೆ ಮುಗಿಯಿತು. ಪೋರಕ್ಕ ಮುಂದಿನ ಮಾತು ಹೇಳಿದಳು, ಅದರ ಮುಂದಿನದೂ ಹೇಳಿದಳು. ಆದರೆ ಹೇಳುತ್ತಿರುವವನು ಹತ್ತು ವರ್ಷದ ಪುಂಡ ಎಂದು ಈಗ ಅವಳಿಗೇ ಕೇಳಿಸುತ್ತಿತ್ತು. ಇಷ್ಟು ವರ್ಷ ಕಷ್ಟಪಟ್ಟು ಮೈಗೆ ಕಲಿಸಿದ್ದನ್ನು ಮೈ ಮರೆತಿರಲಿಲ್ಲ. ಮುದುಕಿಯಾಗು ಎಂದರೆ, ಬೀದಿ ಹುಡುಗ ಮುದುಕಿಯನ್ನು ಹೇಗೆ ಅಣಕಿಸುವನೋ ಹಾಗೆ ಮಾಡಿ ತೋರಿಸುತ್ತಿತ್ತು. ಚಾಪೆಯ ಅಂಚಿನಲ್ಲಿ ಪುಟ್ಟ ಬೆರಳುಗಳು ಕೆಲಸಕ್ಕೆ ಇಳಿದವು. ಪಟ್, ಪಟ್ ಎಂದು ಕಡ್ಡಿ ಮುರಿಯುವ ಸದ್ದನ್ನು ಅವಳು ವೇದಿಕೆಯ ಮೇಲಿಂದ ಕೇಳಿದ್ದು ಅದೇ ಮೊದಲು.

ನಿರ್ದೇಶಕಿ ಸಾಕು ಎನ್ನಲಿಲ್ಲ. ಮಕ್ಕಳಿಗೆ ನೀರು ಕುಡಿಯಲು ಬಿಟ್ಟು, ತಾವು ವೇದಿಕೆಯ ಹತ್ತಿರ ಬಂದರು. ದನಿ ತಗ್ಗಿಸಿ ಮಾತಾಡಿದರು.

“ಅಕ್ಕ, ಪೆಟ್ಟಿಗೆಯಿಂದ ಹಾರಿದಿರಲ್ಲ, ಹಾರಿದ ತಕ್ಷಣ ಬಗ್ಗಿ ಚಪ್ಪಲಿ ಪಟ್ಟಿ ಸರಿಮಾಡಿಕೊಂಡ್ರಿ. ಅದು ನಾಟಕದಲ್ಲಿ ಇಲ್ಲ. ಯಾಕೆ ಮಾಡಿದ್ರಿ?”

ಹುಡುಗನಲ್ಲವೇ, ಚಪ್ಪಲಿ ಬಿಚ್ಚಿರುತ್ತದೆ ಎಂದಳು ಪೋರಕ್ಕ. ನಿರ್ದೇಶಕಿ ಕಾದರು. ಕಾಯುವವರ ಮುಂದೆ ಸುಳ್ಳು ಬಹಳ ಹೊತ್ತು ನಿಲ್ಲುವುದಿಲ್ಲ.

“ಮಂಡಿ ಹಿಡ್ಕೊಳ್ಳುತ್ತೆ,” ಎಂದಳು. “ಎರಡು ವರ್ಷ ಆಯ್ತು. ಒಂದು ಸಲ ಬಗ್ಗಿ ಎದ್ರೆ ಸರಿಹೋಗುತ್ತೆ. ಯಾರಿಗೂ ಗೊತ್ತಾಗಲ್ಲ.”

“ನಿಮ್ಮ ಹುಡುಗನಲ್ಲಿ ತಪ್ಪಿಲ್ಲ. ಇನ್ನೊಂದು ವರ್ಷ ನಡೀಬಹುದು. ಆಮೇಲೆ ಮಂಡಿನೇ ಎಲ್ಲರ ಮುಂದೆ ಹೇಳಿಬಿಡುತ್ತೆ.” ನಿರ್ದೇಶಕಿ ಅವಳ ಚಪ್ಪಲಿಯ ಕಡೆ ಕೈ ತೋರಿಸಿದರು. “ಬಗ್ಗಿ ಚಪ್ಪಲಿ ಸರಿಮಾಡ್ಕೊಂಡ್ರಲ್ಲ, ಅವರು ನಂಗೆ ಬೇಕಾದ ಅಜ್ಜಿ. ಮಕ್ಕಳು ಬರೋದ್ರೊಳಗೆ ಅವರನ್ನ ಹುಡುಕಿ.”

ಪೋರಕ್ಕ ಬಣ್ಣದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುಖಕ್ಕೆ ನೀರು ಎರಚಿಕೊಂಡು ಕೂತಳು. ತನ್ನ ಮಗನ ವಾರಗೆಯವಳು ತನ್ನನ್ನು ಎಲ್ಲರೆದುರು ಬಿಚ್ಚಿಟ್ಟಂತೆ ಅವಮಾನವಾಗಿತ್ತು. ಎಲ್ಲರೆದುರು ಅಲ್ಲ, ಮೆಲ್ಲಗೆ ಹೇಳಿದಳು ಎಂಬುದು ಇನ್ನೂ ಹೆಚ್ಚು ಉರಿಯಿತು. ನಂಬರು ಕಿತ್ತೆಸೆದು ಮನೆಗೆ ಹೋಗಿಬಿಡೋಣ ಎನಿಸಿತು. ಎದ್ದು ಹೊರಡಲು ನೋಡಿದಳು. ಕೂತಿದ್ದರಿಂದ ಮಂಡಿ ಮತ್ತೆ ಹಿಡಿದಿತ್ತು. ಅವಳಿಗೆ ತಿಳಿಯುವ ಮೊದಲೇ ಕಣ್ಣು ಕನ್ನಡಿಯ ಹಲಗೆಯ ಕಡೆ ಹೋಯಿತು, ಕಣ್ಣಿನ ಹಿಂದೆ ಕೈ ಹೋಯಿತು. ಹಲಗೆಗೆ ಅಂಗೈ ಊರಿ ಎದ್ದಳು. ಆಗ ಬಾಗಿಲು ತಳ್ಳಿ ಆ ಹುಡುಗಿ ಇಣುಕಿದಳು, ಮಕ್ಕಳು ವಾಪಸು ಬಂದರು ಎಂದು ಹೇಳಲು. ಪೋರಕ್ಕ ಊರಿದ ಕೈಯನ್ನು ಸರ‍್ರನೆ ಹಲಗೆಯುದ್ದಕ್ಕೂ ಎಳೆದಳು.

“ಎಷ್ಟು ಧೂಳು ಇಲ್ಲಿ,” ಎಂದಳು.

ಹೇಳಿದ ಮೇಲೆ ಹಾಗೇ ನಿಂತಳು. ಹಲಗೆಯನ್ನು ಅಂದು ಬೆಳಿಗ್ಗೆಯಷ್ಟೇ ಒರೆಸಿದ್ದರು. ಮನೆಯ ಮೇಜು, ಬೀರು, ಬಾಗಿಲ ಚೌಕಟ್ಟು, ಬಚ್ಚಲಿನ ತನಕದ ದಾರಿ ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು. ಇಷ್ಟು ವರ್ಷ ಬಟ್ಟೆ ಹಿಡಿದು ತಾನು ಯಾವುದರ ಜೊತೆ ಜಗಳವಾಡಿದ್ದೆ ಎಂದು ತಿಳಿದು ಅವಳಿಗೆ ನಗು ಬಂತು. ಅಕ್ಕ, ಹುಷಾರಿದ್ದೀರಾ ಎಂದು ಹುಡುಗಿ ಕೇಳಿದಳು. ಇದ್ದೀನಿ, ಬಾ, ನನ್ನ ಮೊಮ್ಮಗನಾಗಿ ನಿಲ್ಲು ಎಂದು ಅವಳ ಕೈ ಹಿಡಿದು ಕರೆದುಕೊಂಡು ಹೋದಳು.

ಈ ಸಲ ಪೋರಕ್ಕ ಸೊಂಟ ಬಗ್ಗಿಸಲಿಲ್ಲ. ಆದಷ್ಟು ನೆಟ್ಟಗೆ ನಡೆದಳು. ಹುಡುಗಿ ಗಡಿಯಾರದ ಒಂದು ತುದಿ ಹಿಡಿದು ಮುಂದೆ ಮುಂದೆ ಓಡುತ್ತಿದ್ದಳು, ಪೋರಕ್ಕ ಇನ್ನೊಂದು ತುದಿ ಹಿಡಿದು ಓಡದೆ, ಹಿಂದೆಯೂ ಬೀಳದೆ ಬರುತ್ತಿದ್ದಳು. ಗೋಡೆ ಸಿಕ್ಕಿದರೆ ಗೋಡೆಯನ್ನು ಮೆಚ್ಚಿ ಸವರಿದಳು. ಕಂಬ ಸಿಕ್ಕಿದರೆ ಎಷ್ಟು ಧೂಳು ಎಂದು ಕಂಬಕ್ಕೆ ಕೈಯಿಟ್ಟು, ಆ ಧೂಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಪರೀಕ್ಷಿಸಿದಳು. ಮಕ್ಕಳು ನಗಲಿಲ್ಲ. ಕಡ್ಡಿ ಮುರಿಯುವ ಸದ್ದೂ ಇಲ್ಲ. ಕೊನೆಗೆ ನಾಟಕದಲ್ಲಿ ಬರೆದಿದ್ದ ಮಾತಿಗೆ ಬಂದಳು. ರಾತ್ರಿ ಗಂಡ ಅದನ್ನು ಓದುವಾಗ ಅವಳು ಅರ್ಧ ಕಿವಿಯಲ್ಲಿ ಕೇಳಿದ್ದಳು.

“ನಂಗೇನೂ ಆಯಾಸ ಆಗಿಲ್ಲಪ್ಪ. ನಿಂಗೇ ಆಗಿರಬೇಕು. ಒಂದು ನಿಮಿಷ ಕೂರೋಣ.”

ಹೇಳುವಾಗ ದನಿ ಎಲ್ಲಿಯೋ ಒಡೆಯಿತು, ಅದು ಹುಡುಗನ ದನಿ ಒಡೆಯುವ ಜಾಗವಲ್ಲ. ಎರಡನೇ ತಿರುವು, ಕಂಬಿ, ಗಂಡನ ಏದುಸಿರು ಎಲ್ಲ ಆ ಒಂದು ಮಾತಿನಲ್ಲಿ ಬಂದು ನಿಂತವು. ಅವಳು ಕೂರಲು ಜಾಗಕ್ಕಾಗಿ ಸುತ್ತ ನೋಡಿದಳು, ನೋಡುತ್ತಿರುವುದು ಯಾರಿಗೂ ಕಾಣಬಾರದು ಎಂಬಂತೆ ನೋಡಿದಳು. ಆಗ ಮುಂದಿನ ಸಾಲಿನ ಆ ಹಲ್ಲುಬಿದ್ದ ಹುಡುಗ ಪಕ್ಕದವಳನ್ನು ಭುಜದಿಂದ ದೂಡಿ ಚಾಪೆಯ ಮೇಲೆ ಒಂದು ಗೇಣು ಜಾಗ ಮಾಡಿದ.

“ಇಲ್ಲಿ ಕೂತ್ಕೊಳ್ಳಿ ಅಜ್ಜಿ,” ಎಂದ.

ಮಗುವೊಂದು ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. ಪೋರಕ್ಕ ವೇದಿಕೆಯಿಂದ ಇಳಿದಳು. ಹಾರಲಿಲ್ಲ, ಅಂಚಿಗೆ ಕೈಯೂರಿ ಇಳಿದಳು. ಆ ಒಂದು ಗೇಣಿನಲ್ಲಿ ಹೇಗೋ ಹಿಡಿಸಿಕೊಂಡು ಕೂತಳು, ಅಷ್ಟು ಚಿಕ್ಕ ಮೈ ಅಜ್ಜಿಗೂ ಒಂದು ಉಪಕಾರಕ್ಕೆ ಬಂತು. ನಿರ್ದೇಶಕಿ ಮಕ್ಕಳ ಕೈಯಲ್ಲ, ತಮ್ಮ ಕೈಯನ್ನೇ ನೋಡುತ್ತಾ ಕೂತಿದ್ದರು.

ಫಲಿತಾಂಶ ಮಧ್ಯಾಹ್ನವೇ ಹೇಳಿದರು. ಅಜ್ಜಿ ಪೋರಕ್ಕ, ಮೊಮ್ಮಗ ಆ ಹುಡುಗಿ. ಪೋರಕ್ಕ ಎಲ್ಲರೆದುರು ನಕ್ಕು, ಎಲ್ಲರ ಬೆನ್ನು ತಟ್ಟಿ, ಉಡುಪಿನ ಕೋಣೆಗೆ ಹೋಗಿ ಬಟ್ಟೆಗಳ ನಡುವೆ ನಿಂತು ಅತ್ತಳು. ಇಪ್ಪತ್ತೈದು ವರ್ಷ ಜೊತೆಗಿದ್ದ ಹುಡುಗ ಸತ್ತುಹೋದನೆಂದೇ ಅತ್ತಳು, ಅದರಲ್ಲಿ ನಾಟಕವೇನೂ ಇರಲಿಲ್ಲ. ಆಮೇಲೆ ಅವನ ಚಡ್ಡಿ ತೆಗೆದುಕೊಂಡು ಹೋಗಿ ಹುಡುಗಿಯ ಸೊಂಟಕ್ಕೆ ಹಿಡಿದು ನೋಡಿದಳು. ಉದ್ದ ಕಾಲಿನವಳಿಗೆ ಅದು ಏನು ಮಾಡಿದರೂ ಬರುವಂತಿರಲಿಲ್ಲ, ಹೊಸದೇ ಹೊಲಿಸಬೇಕು. ಪೋರಕ್ಕನಿಗೆ ಅಷ್ಟರಮಟ್ಟಿಗೆ ಸಮಾಧಾನವಾಯಿತು. ಆ ಸಮಾಧಾನದಲ್ಲಿ ಉದಾರವಾಗಿ, ಮೂಗು ಒರೆಸುವಾಗ ಸುತ್ತ ನೋಡಬಾರದು ಕಣೇ, ಹುಡುಗನಿಗೆ ಅದು ನಾಚಿಕೆಯ ವಿಷಯವೇ ಅಲ್ಲ ಎಂದು ಹೇಳಿಕೊಟ್ಟಳು. ಹುಡುಗಿ ಹತ್ತು ಸಲ ಒರೆಸಿ ಅಭ್ಯಾಸ ಮಾಡಿದಳು.

ಸಂಜೆ ಗಂಡ ಎಂದಿನಂತೆ ಬಂದು ನಿಂತಿದ್ದ. ಹೆಂಡತಿಯ ಮುಖ ಓದಲು ಅವನಿಗೆ ಕನ್ನಡಕ ಬೇಕಿರಲಿಲ್ಲ. ಮನೆ ಬಂತು, ಮೆಟ್ಟಿಲು ಹತ್ತಿದರು. ಎರಡನೇ ತಿರುವು ಬಂದ ಕೂಡಲೇ ಅವನು ಕಂಬಿ ಹಿಡಿದು ಏದುಸಿರು ಬಿಡತೊಡಗಿದ. ಪೋರಕ್ಕ ಅವನನ್ನೇ ನೋಡುತ್ತಾ ನಿಂತಳು. ಇಷ್ಟು ವರ್ಷದಲ್ಲಿ ಅವಳು ಅದನ್ನು ನಟಿಯ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಉಸಿರು ಎದೆಯಿಂದ ಬರುತ್ತಿರಲಿಲ್ಲ, ಬಾಯಿಂದ ಬರುತ್ತಿತ್ತು.

“ನಂಗೆ ಆಯಾಸ ಆಗಿದೆ ಕಣ್ರೀ,” ಎಂದಳು. “ಕೂರೋಣ.”

ಅವನು ಏದುಸಿರಿನ ಮಧ್ಯದಲ್ಲಿದ್ದ. ಅದನ್ನು ಎಲ್ಲಿ ನಿಲ್ಲಿಸಬೇಕೋ ತಿಳಿಯದೆ ಇನ್ನೊಂದೆರಡು ಬಿಟ್ಟ. ಆಮೇಲೆ ಅವಳ ಪಕ್ಕ ಮೆಟ್ಟಿಲ ಮೇಲೆ ಕೂತ. ಅವಳು ಚೀಲದ ತಳಕ್ಕೆ ಕೈಹಾಕಿ ಕನ್ನಡಕ ತೆಗೆದು ಹಾಕಿಕೊಂಡು ಅವನ ಮುಖ ನೋಡಿದಳು. ಸ್ಪಷ್ಟವಾಗಿ ಕಾಣುತ್ತಿದ್ದ. ಕೂದಲು ಇಷ್ಟೊಂದು ಬೆಳ್ಳಗಾಗಿದ್ದು ಯಾವಾಗ ಎಂದುಕೊಂಡಳು.

“ಈ ಮನೇಲಿ ಆಡಿಷನ್ ಇಲ್ಲದೆ ಪಾತ್ರ ಸಿಕ್ಕಿದ್ದು ನಿಮಗೊಬ್ಬರಿಗೇ,” ಎಂದಳು.

ಪಾತ್ರ ಚಿಕ್ಕದು ಎಂದ ಅವನು.

ಇಬ್ಬರೂ ಇನ್ನೂ ಬರಲಿಲ್ಲವಲ್ಲ ಎಂದು ಮೇಲೆ ಅತ್ತೆ ಬಾಗಿಲು ತೆರೆದು ಮೆಟ್ಟಿಲ ಹತ್ತಿರ ಬಂದರು. ಕೆಳಗೆ ಇಣುಕಲು ಕಂಬಿ ಹಿಡಿಯಬೇಕಾಯಿತು. ಹಿಡಿದರು. ಸೊಸೆ ತಲೆಯೆತ್ತಿ ನೋಡುತ್ತಿರುವುದು ಕಂಡಿತು. ಕೂಡಲೇ ಅಂಗೈಯನ್ನು ಕಂಬಿಯ ಮೇಲೆ ಹಿಂದೆ ಮುಂದೆ ಆಡಿಸಿ, ಎಷ್ಟು ಧೂಳು ಎಂದರು.

“ಹೌದು ಅತ್ತೆ, ಬಹಳ ಧೂಳಿದೆ,” ಎಂದಳು ಪೋರಕ್ಕ. “ಇರಲಿ ಬಿಡಿ. ಇನ್ನು ಒರೆಸಲ್ಲ.”